ಬಾಟಲಿಗಿಳಿದ ಭಂಗಿ

ನಂಜನಗೂಡು, ತಿ. ನರಸೀಪುರ ಸೀಮೆಯ ಹಿರಿಯರಿಗೆ ಭಂಗಿ ಸೊಪ್ಪಿನ ಹೆಸರು ಹೊಸದೇನಲ್ಲ. ಜಾತ್ರೆಗೆ ಬಂದ ಬೈರಾಗಿಯ ಚಿಲುಮೆಯನ್ನು ನೋಡಿದವರು ಅವರು. ಬೆಳೆಯ ಸಾಲಿನ ನಡುವೆ ಬೆಳೆಸಿದ್ದ ಗಾಂಜಾ ಗಿಡಗಳನ್ನು ಪೊಲೀಸರು ಕಿತ್ತ ಸುದ್ದಿಯನ್ನೂ ಪತ್ರಿಕೆಯಲ್ಲಿ ಓದಿದವರೇ. ಆದರೆ ಹೆಡತಲೆಯಂಥ ಊರಿನಿಂದ ಬಸ್ಸು ಹಿಡಿದು ಮೈಸೂರಿನ ಕಾಲೇಜಿಗೆ ಹೋಗುವ ಹುಡುಗನ ಮೊಬೈಲಿಗೆ ಇಂದು ತಲುಪುತ್ತಿರುವುದು ಬೇರೆಯೇ ಸರಕು: ಸ್ಪಿರಿಟ್ಟಿನಿಂದ ಮನೆಯಲ್ಲೇ ಗಾಂಜಾದ ಸಾರ ಇಳಿಸುವ ಮಾತು. ‘ಸೊಪ್ಪಿನ ಕಷಾಯ ಇದ್ದ ಹಾಗೆ, ಅದರಲ್ಲೇನಿದೆ?’ ಎಂಬ ಧೋರಣೆ ಬೇರೆ. ಕಷಾಯಕ್ಕೂ ಇದಕ್ಕೂ ಇರುವ ಅಂತರವನ್ನು ಮಕ್ಕಳೂ ಹೆತ್ತವರೂ ಕೂಡಿ ತಿಳಿಯಬೇಕಾಗಿದೆ.

ಗಾಂಜಾ ಗಿಡದ ಅಮಲು ಇರುವುದು ಅದರ ಹೂಗೊಂಚಲಿನ ಅಂಟಿನಲ್ಲಿ. ಈ ರಾಳ ನೀರಿನಲ್ಲಿ ಕರಗದು, ಮದ್ಯಸಾರದಲ್ಲಿ ಕರಗುತ್ತದೆ. ಈ ಗುಣವನ್ನು ಪಾಶ್ಚಾತ್ಯ ವೈದ್ಯಕ್ಕೆ ಪರಿಚಯಿಸಿದ್ದು ನಮ್ಮ ದೇಶದಲ್ಲೇ. ಕಲ್ಕತ್ತಾ ವೈದ್ಯಕೀಯ ಕಾಲೇಜಿನಲ್ಲಿದ್ದ ಐರಿಷ್ ವೈದ್ಯ ವಿಲಿಯಂ ಬ್ರೂಕ್ ಒಶಾಘ್ನೆಸಿ 1839ರಲ್ಲಿ ಗಾಂಜಾ ಸಾರದ ಟಿಂಕ್ಚರಿನ ಮೇಲೆ ಪ್ರಬಂಧ ಮಂಡಿಸಿದ. ಮೊದಲು ಪ್ರಾಣಿಗಳ ಮೇಲೆ, ಆಮೇಲೆ ಧನುರ್ವಾಯು, ಸಂಧಿವಾತದ ರೋಗಿಗಳ ಮೇಲೆ ಪರೀಕ್ಷಿಸಿದ. (ಮುಂದೆ ಭಾರತದಲ್ಲಿ ತಂತಿ ಸಮಾಚಾರದ ಜಾಲ ಹಾಕಿಸಿದವನೂ ಈತನೇ.) ಅಂಗಡಿಗಳಲ್ಲಿ ಮಾರಾಟವಾದ ಆ ಔಷಧ ಕೊನೆಗೆ ಮೂಲೆ ಸೇರಿತು. ಒಂದು ಬಾಟಲಿಯ ಬಲ ಇನ್ನೊಂದು ಬಾಟಲಿಗೆ ಇರುತ್ತಿರಲಿಲ್ಲ ಎಂಬುದು ಮುಖ್ಯ ಕಾರಣಗಳಲ್ಲಿ ಒಂದು. ಅಮಲಿಗೆ ಮೂಲವಾದ ಟಿಎಚ್‌ಸಿ ಎಂಬ ಅಂಶವನ್ನು ಇಸ್ರೇಲಿನ ಗಾವೋನಿ ಮತ್ತು ಮೆಕೂಲಂ ಬೇರ್ಪಡಿಸಿದ್ದು 1964ರಲ್ಲಿ. ಪ್ರಯೋಗಾಲಯ, ತಕ್ಕಡಿ, ತಜ್ಞರು ಎಲ್ಲ ಇದ್ದೂ ನೂರು ವರ್ಷ ಹಿಡಿತಕ್ಕೆ ಬಾರದ ಅಳತೆ, ಹಾಸ್ಟೆಲ್ ಕೋಣೆಯಲ್ಲಿ ಹಿಡಿತಕ್ಕೆ ಬಂದೀತೇ?

ಇಂದಿನ ಸಾಂದ್ರ ಸಾರಗಳಲ್ಲಿ ಟಿಎಚ್‌ಸಿ ಶೇಕಡಾ 50ರಿಂದ 80ರವರೆಗೂ ಇರುವುದುಂಟು. ಸೊಪ್ಪಿಗಿಂತ ಹಲವು ಪಟ್ಟು. ಬಳಸಿದವರಲ್ಲಿ ವಿಪರೀತ ಭಯ, ಎದೆ ಬಡಿತ, ನಿಲ್ಲದ ವಾಂತಿ, ಕೆಲವರಲ್ಲಿ ಇಲ್ಲದ ದನಿ ಕೇಳಿಸುವ ಚಿತ್ತವಿಕಾರ ಕಾಣಿಸಿಕೊಳ್ಳುತ್ತದೆ. ಮೆದುಳು ಬಲಿಯುವುದು ಇಪ್ಪತ್ತರ ದಶಕದ ನಡುವಿನವರೆಗೂ ನಡೆಯುವ ಕೆಲಸ. ಪಿಯುಸಿ ಹುಡುಗನಿಗೆ ಅಪಾಯ ಹೆಚ್ಚು.

ಇನ್ನು ಬೆಂಕಿ. ಮದ್ಯಸಾರದ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ಪಕ್ಕದ ಒಲೆ, ಸ್ವಿಚ್ಚಿನ ಕಿಡಿ ಹುಡುಕಿಕೊಳ್ಳುತ್ತದೆ. ಅದರ ನೀಲಿ ಜ್ವಾಲೆ ಹಗಲಿನಲ್ಲಿ ಕಣ್ಣಿಗೇ ಕಾಣದು. ಮೈಸೂರಿನ ಬಿಸಿಲಿಗೆ ತೆರೆದಿಟ್ಟ ಸ್ಪಿರಿಟ್ ಸದಾ ಆವಿಯಾಗುತ್ತಲೇ ಇರುತ್ತದೆ, ಒಲೆ ಹಚ್ಚಬೇಕೆಂದೇನಿಲ್ಲ. ಕೈಗಾರಿಕಾ ಸ್ಪಿರಿಟ್ಟಿನಲ್ಲಿ ಮೀಥೈಲ್ ಆಲ್ಕೋಹಾಲ್ ಇದ್ದರಂತೂ ಕಣ್ಣಿಗೂ ಪ್ರಾಣಕ್ಕೂ ಕುತ್ತು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಲಬೆರಕೆ ಮದ್ಯಕ್ಕೆ ಮುನ್ನೂರಕ್ಕೂ ಹೆಚ್ಚು ಮಂದಿ ಬಲಿಯಾದದ್ದನ್ನು ಹಳಬರು ಇನ್ನೂ ಮರೆತಿಲ್ಲ.

ಕಾನೂನಿನ ವಿಷಯದಲ್ಲಿ ಹುಡುಗರಿಗೆ ಸಿಕ್ಕಿರುವುದು ಅರ್ಧ ಸತ್ಯ. ‘ಭಂಗಿಗೆ ಅಡ್ಡಿಯಿಲ್ಲವಂತೆ’ ಎನ್ನುತ್ತಾರೆ. 1985ರ ಮಾದಕ ವಸ್ತು ಕಾಯಿದೆಯ ಗಾಂಜಾ ವ್ಯಾಖ್ಯೆಯಲ್ಲಿ ಹೂತುದಿ ಸೇರದ ಬರಿಯ ಎಲೆ, ಬೀಜ ಇಲ್ಲವೆಂಬುದು ದಿಟ. ಭಂಗಿಗೆ ಸಂಬಂಧಿಸಿದ ಜಾಮೀನು ಪ್ರಕರಣವೊಂದರಲ್ಲಿ 2022ರಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನು ಗಮನಿಸಿತ್ತು. ಆದರೆ ಇಳಿಸಿದ ಸಾರ ಭಂಗಿಯಲ್ಲ. ಅದೇ ಕಾಯಿದೆ, ಹಶೀಶ್ ಎಣ್ಣೆ ಎಂಬ ಸಾಂದ್ರ ದ್ರವವನ್ನು ಹೆಸರು ಹಿಡಿದು ‘ಚರಸ್’ ಪಟ್ಟಿಗೆ ಸೇರಿಸಿದೆ. ಗಾಂಜಾಕ್ಕೆ 1 ಕಿಲೋವರೆಗೆ ‘ಅಲ್ಪ ಪ್ರಮಾಣ’ವಾದರೆ ಚರಸ್ಸಿಗೆ ಆ ಗೆರೆ 100 ಗ್ರಾಂ ಮಾತ್ರ, 1 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ.

2020ರಲ್ಲಿ ಸುಪ್ರೀಂ ಕೋರ್ಟ್ ಹೀರಾ ಸಿಂಗ್ ಪ್ರಕರಣದಲ್ಲಿ, ಮಾದಕ ವಸ್ತುವಿನ ಜೊತೆ ಬೆರೆತ ತಟಸ್ಥ ಪದಾರ್ಥದ ತೂಕವನ್ನೂ ಸೇರಿಸಿಯೇ ಪ್ರಮಾಣ ಲೆಕ್ಕ ಹಾಕಬೇಕೆಂದಿತು. ಬಾಟಲಿಯಲ್ಲಿರುವ ಚಿಟಿಕೆ ಸಾರ ಎಂದುಕೊಂಡದ್ದು, ತುಂಬಿದ ದ್ರವದ ಸಮೇತ ತಕ್ಕಡಿ ಏರಿದರೆ ಗೆರೆ ದಾಟೀತು. ಅಲ್ಪ ಪ್ರಮಾಣಕ್ಕೆ ಒಂದು ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದನ್ನು ಮೀರಿ, ವಾಣಿಜ್ಯ ಪ್ರಮಾಣ ಮುಟ್ಟದಿದ್ದರೆ ಹತ್ತು ವರ್ಷದವರೆಗೆ ಜೈಲು, ಲಕ್ಷದವರೆಗೆ ದಂಡ. ಚಾರ್ಜ್‌ಶೀಟಿನ ಹೆಸರು ನೌಕರಿ, ಪಾಸ್‌ಪೋರ್ಟ್ ಅರ್ಜಿಗಳ ದಾರಿಯಲ್ಲಿ ಅಡ್ಡ ಬರುವುದು ಬೇರೆ.

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದ ಭಾರತೀಯರಲ್ಲಿ ಶೇಕಡಾ 2.8 ಮಂದಿ, ಸುಮಾರು 3.1 ಕೋಟಿ ಜನ, ಹಿಂದಿನ ವರ್ಷದಲ್ಲಿ ಭಂಗಿ, ಗಾಂಜಾ ಅಥವಾ ಚರಸ್ ಬಳಸಿದ್ದರು. ‘ನಮ್ಮ ಮನೆ ಹುಡುಗ ಅಂಥವನಲ್ಲ’ ಎಂದು ಕಣ್ಣು ಮುಚ್ಚುವ ಬದಲು ಮೇಜಿನ ಕೆಳಗಿನ ಸ್ಪಿರಿಟ್ ಡಬ್ಬಿ, ತಡವಾಗಿ ಏಳುವ ಚಾಳಿ, ಇದ್ದಕ್ಕಿದ್ದಂತೆ ಬದಲಾದ ಗೆಳೆಯರ ಬಗ್ಗೆ ಕೇಳಿ ನೋಡಬಹುದು. ಬೈದು ಹೊರಹಾಕುವುದರಿಂದ ಹುಡುಗ ಸೇರುವುದು ಆ ಗೆಳೆಯರ ಕೋಣೆಗೇ.

ಅನೇಕ ಪೋಷಕರು ಪೊಲೀಸರ ಭಯಕ್ಕೆ ಆಸ್ಪತ್ರೆಗೆ ಹೋಗುವುದಿಲ್ಲ. ಅದೇ ಕಾಯಿದೆಯ 64ಎ ಕಲಮು ಇವರಿಗಾಗಿಯೇ ಇದೆ: ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರ ಮಾನ್ಯ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ ಮೊಕದ್ದಮೆಯಿಂದ ರಕ್ಷಣೆ ಉಂಟು, ಚಿಕಿತ್ಸೆಯನ್ನು ಪೂರ್ತಿ ಮುಗಿಸಬೇಕು ಅಷ್ಟೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿನ ತೊಂದರೆಗಳಿಗೆ, 2022ರಲ್ಲಿ ಆರಂಭವಾದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.