ಬೆರೆತು ಬೇರೆಯಾಗುವ ರಬ್ಬರು

ಒಡೆದ ಪಿಂಗಾಣಿ ಬಸಿಯನ್ನೋ ಕಳಚಿದ ಕುರ್ಚಿಯ ಕಾಲನ್ನೋ ಅಂಟಿಸಲು ಎರಡು ಪುಟ್ಟ ಟ್ಯೂಬುಗಳನ್ನು ತಂದಿರಿಸಿಕೊಂಡ ಮನೆಗಳು ಅನೇಕ. ಒಂದರಲ್ಲಿ ಎಪಾಕ್ಸಿ ಎಂಬ ರಾಳ. ಮತ್ತೊಂದರಲ್ಲಿ ಅದನ್ನು ಗಟ್ಟಿಗೊಳಿಸುವ ದ್ರವ್ಯ. ಎರಡನ್ನೂ ಕಲಸಿಟ್ಟರೆ ಕೆಲವು ಹೊತ್ತಿನಲ್ಲಿ ಕಲ್ಲಿನಂತಾಗುತ್ತದೆ. ಸ್ವಿಟ್ಜರ್ಲೆಂಡಿನ ರಸಾಯನಜ್ಞ ಪಿಯರ್ ಕಾಸ್ತಾನ್ 1930ರ ದಶಕದಲ್ಲಿ ಇದನ್ನು ರೂಪಿಸಿದ್ದು ಕಟ್ಟಿಸಿದ ಹಲ್ಲಿನ ಸಲುವಾಗಿ ಎಂದರೆ ಆಶ್ಚರ್ಯವಾದೀತು! ಇಂದು ಅದೇ ಕುಲದ ರಾಳವು ಇಂಗಾಲದ ಎಳೆಗಳನ್ನು ಬಂಧಿಸಿ ವಿಮಾನದ ರೆಕ್ಕೆಯಾಗಿದೆ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿದ 'ತೇಜಸ್' ವಿಮಾನದ ಮೈಯಲ್ಲಿಯೂ ಇಂತಹ ಎಳೆ-ರಾಳಗಳ ಸಂಯೋಗವೇ ಉಂಟು.

ಆದರೆ ಈ ಬಲಶಾಲಿಗೆ ಬಳುಕಲು ತಿಳಿಯದು. ಗಟ್ಟಿಯಾಗುವಾಗ ಅದರ ಅಣುಗಳು ಪರಸ್ಪರ ಹೆಣೆದುಕೊಂಡು ಬಿಗಿಯಾದ ಬಲೆಯಾಗುತ್ತವೆ. ಎಲ್ಲಿಯೋ ಒಂದು ಸಣ್ಣ ಬಿರುಕು ಹುಟ್ಟಿದರೆ ಸಾಕು, ಗಾಜಿನಲ್ಲಿ ಓಡುವಂತೆ ಓಡಿಬಿಡುತ್ತದೆ. ಬಸಿಯಾದರೆ ಹೋಗಲಿ ಎನ್ನಬಹುದು, ರೆಕ್ಕೆಯಾದರೆ?

1960ರ ದಶಕದ ಕೊನೆಯಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಫ್ರೆಡರಿಕ್ ಮೆಕ್‌ಗ್ಯಾರಿ ಮತ್ತು ಅವರ ಸಂಗಡಿಗರು ಇದಕ್ಕೆ ದ್ರವರೂಪದ ರಬ್ಬರಿನಲ್ಲಿ ಮದ್ದನ್ನು ಕಂಡರು. ನೂರು ಭಾಗ ರಾಳಕ್ಕೆ ಐದರಿಂದ ಹದಿನೈದು ಭಾಗ ರಬ್ಬರು ಸಾಕು. ಮೊದಲು ಅದು ರಾಳದಲ್ಲಿ ಪೂರ್ಣವಾಗಿ ಕರಗಿಹೋಗುತ್ತದೆ. ರಾಳದ ಅಣುಗಳು ಬೆಳೆಬೆಳೆದಂತೆ ಇಬ್ಬರ ಹೊಂದಾಣಿಕೆ ಕೆಡುತ್ತದೆ. ರಬ್ಬರು ಹನಿಹನಿಯಾಗಿ ಬೇರ್ಪಡುತ್ತದೆ. ಮೈಸೂರು ಪಾಕನ್ನು ಕಲಕುವ ಗೃಹಿಣಿಗೆ ಇದು ಹೊಸತಲ್ಲ: ಹೀರಿಕೊಂಡ ತುಪ್ಪವನ್ನೇ ಪಾಕವು ಹದಕ್ಕೆ ಬಂದಾಗ ಹೊರಗೆ ಬಿಡುತ್ತದೆಯಷ್ಟೆ. ಕಾರಣ ಬೇರೆಯಾದರೂ ಹದದ ಚಿಂತೆ ಎರಡೂ ಕಡೆ ಒಂದೇ.

ರಾಳ ಹೆಪ್ಪುಗಟ್ಟಿದೊಡನೆ ಹನಿಗಳು ಇದ್ದಲ್ಲಿಯೇ ಸೆರೆಯಾಗುತ್ತವೆ. ಅವುಗಳ ಗಾತ್ರ ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಅಥವಾ ಅದರ ಕೆಲವು ಪಟ್ಟು. ಬಿರುಕು ಸಮೀಪಿಸಿದಾಗ ಹನಿಯ ಒಡಲು ಹರಿದು ಟೊಳ್ಳಾಗುತ್ತದೆ. ಸುತ್ತಲಿನ ರಾಳ, ತನ್ನ ಸ್ವಭಾವಕ್ಕೆ ಮೀರಿ, ಎಳೆದಂತೆ ಎಳೆಯುತ್ತದೆ. ಬಿರುಕಿನ ಶಕ್ತಿ ಅಲ್ಲಿಯೇ ವ್ಯಯವಾಗುತ್ತದೆ. ಒಳ್ಳೆಯ ಮಿಶ್ರಣದಲ್ಲಿ, ಬಿರುಕನ್ನು ಮುಂದೂಡಲು ಬೇಕಾಗುವ ಶಕ್ತಿ ಹತ್ತು ಪಟ್ಟಿಗೂ ಮಿಕ್ಕುತ್ತದೆ.

ಎಲ್ಲವೂ ಹನಿಯ ಗಾತ್ರವನ್ನು ಅವಲಂಬಿಸಿರುವುದರಿಂದ, ಮೂರನೆಯವನಾಗಿ ಬಂದು ಸೇರುವ ಅಲ್ಪ ದ್ರವ್ಯಕ್ಕೂ ಇಲ್ಲಿ ಬಲು ಅಧಿಕಾರ. ಗಟ್ಟಿಯಾಗುವ ವೇಗವನ್ನು ಹೆಚ್ಚಿಸುವ ವಸ್ತುವನ್ನು ಹಾಕಿದರೆ ಹನಿಗಳಿಗೆ ಬೆಳೆಯಲು ಸಮಯ ಸಾಲದು. ಅವಸರ ಅತಿಯಾದರೆ ಒಂದಷ್ಟು ರಬ್ಬರು ಬೇರ್ಪಡದೆ ರಾಳದಲ್ಲಿಯೇ ಉಳಿದು, ಅದು ತಾಳುವ ಶಾಖವನ್ನು ತಗ್ಗಿಸುತ್ತದೆ. ಬಿಸ್ಫಿನಾಲ್-ಎ ಎಂಬ ವಸ್ತುವಿನ ಕಥೆಯಂತೂ ಸ್ವಾರಸ್ಯಕರ. ಅದನ್ನು ಸೇರಿಸಿದ ಮಿಶ್ರಣದಲ್ಲಿ ದೊಡ್ಡ ಹನಿಗಳ ನಡುವೆ ಬಹಳ ಸಣ್ಣ ಹನಿಗಳೂ ಹುಟ್ಟಿ, ಒಂದೇ ಅಳತೆಯ ಹನಿಗಳಿದ್ದುದಕ್ಕಿಂತ ರಾಳದ ಗಟ್ಟಿತನ ಹೆಚ್ಚಿದುದನ್ನು 1976ರಲ್ಲಿ ಅಮೆರಿಕದ ಸಂಶೋಧಕರು ವರದಿಮಾಡಿದರು. ಒಂದು ತುದಿ ರಾಳವನ್ನೂ ಇನ್ನೊಂದು ತುದಿ ರಬ್ಬರನ್ನೂ ಮೆಚ್ಚುವ ಉದ್ದನೆಯ ಅಣುಗಳು ಎರಡರ ಗಡಿಯಲ್ಲಿ ನಿಂತು, ಹನಿಗಳು ಕೂಡಿಕೊಳ್ಳದಂತೆ ತಡೆಯುತ್ತವೆ. ನುಣ್ಣನೆಯ ಜೇಡಿಮಣ್ಣಿನ ಕಣಗಳೂ ದ್ರವವನ್ನು ಮಂದಗೊಳಿಸಿ ಹನಿಗಳ ಓಡಾಟಕ್ಕೆ ಅಡ್ಡಿಯಾಗುತ್ತವೆ. ಮಣ್ಣಿನ ಲೇಪವೇ ಕ್ರಿಯೆಯನ್ನು ಚುರುಕುಗೊಳಿಸಿದರೆ ಮಾತ್ರ ಲೆಕ್ಕವೆಲ್ಲ ತಲೆಕೆಳಗು!

ಈ ತೊಡಕೇ ಬೇಡವೆಂದು ಕೆಲವರು ಹನಿಗಳನ್ನು ಮೊದಲೇ ತಯಾರಿಸಿ ಬೆರೆಸುತ್ತಾರೆ. ಒಳಗೆ ಮೆತ್ತನೆಯ ರಬ್ಬರು, ಹೊರಗೆ ಗಡಸು ಚಿಪ್ಪು. ಆಗ ಒಲೆಯ ಶಾಖ ಏರಿದರೂ ಇಳಿದರೂ ಗಾತ್ರ ಬದಲಾಗದು. ಉಳಿಯುವುದು ಒಂದೇ ಕೆಲಸ: ಅವು ಗಂಟುಕಟ್ಟದಂತೆ ಚೆನ್ನಾಗಿ ಕಲಕುವುದು.