ಸಿದ್ದಾಪುರದ ಜಗುಲಿಯಲ್ಲಿ ಜೆರೇನಿಯಂ: ಬೆಳಕಿನ ಲೆಕ್ಕ

"ಗಿಡ ಕೋಲ್ ಕಂಡಂಗ್ ಆಯ್ತ್ ಮಗಾ, ಒಂದ್ ಹೂಗೂ ಇಲ್ಲೆ."

ಜುಲೈಯಲ್ಲಿ ಅಮ್ಮ ಫೋನ್ ಮಾಡಿದಾಗ ನಾವಿಬ್ಬರೂ ಹಾಸ್ಟೆಲ್ ರೂಮಿನಲ್ಲಿ ಇಂಟರ್ನಲ್ಸಿಗೆ ಓದುವ ನಾಟಕ ಮಾಡುತ್ತಿದ್ದೆವು. ಅಮ್ಮ ಅಂದರೆ ನಮ್ಮಲ್ಲೊಬ್ಬನ ಅಮ್ಮ, ಮನೆ ಸಿದ್ದಾಪುರ. ಉತ್ತರ ಕನ್ನಡದ್ದಲ್ಲ, ಕುಂದಾಪುರ ಕಡೆಯ, ಘಟ್ಟದ ಬುಡದ ಸಿದ್ದಾಪುರ. ಗಿಡ ಅಂದರೆ ಜನವರಿಯಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ರಾತ್ರಿ ಬಸ್ಸಲ್ಲಿ ತೊಡೆ ಮೇಲಿಟ್ಟುಕೊಂಡು ತಂದ ಎರಡು ಜೆರೇನಿಯಂ. ಮಾರ್ಚ್‌ವರೆಗೂ ಕೆಂಪು ಗೊಂಚಲು ಬಿಟ್ಟು ಅಕ್ಕಪಕ್ಕದ ಮನೆಯವರೆಲ್ಲ ಒಂದು ತುಂಡು ಕೊಡಿ ಅಂತ ಕೇಳುವ ಹಾಗೆ ಇದ್ದವು. ಮಳೆ ಹಿಡಿದ ಮೇಲೆ ಒಂದು ಕುಂಡ ಅಂಗಳದಲ್ಲೇ ಉಳಿಯಿತು, ಇನ್ನೊಂದನ್ನು ಅಮ್ಮ ಜಗುಲಿಯ ಒಳಗೋಡೆ ಬದಿಗೆ ತಂದಿಟ್ಟರು. ಅಂಗಳದ್ದು ಬುಡ ಕಪ್ಪಾಗಿ ಕೊಳೆತು ಹೋಯಿತು. ಒಳಗಿದ್ದದ್ದು ಕೋಲಾಯಿತು. ಉಳಿದಿದ್ದ ಆ ಒಂದನ್ನಾದರೂ ಉಳಿಸಬೇಕಿತ್ತು.

ನಾವು ಜೆರೇನಿಯಂ ಅನ್ನುವುದು ಸಸ್ಯಶಾಸ್ತ್ರದ ಪ್ರಕಾರ ಪೆಲಾರ್ಗೋನಿಯಂ. ಲಿನೇಯಸ್ ಎರಡನ್ನೂ ಒಂದೇ ಕುಲಕ್ಕೆ ಹಾಕಿದ್ದ. 1789ರಲ್ಲಿ ಬೇರೆ ಮಾಡಿದರು, ಹಳೇ ಹೆಸರು ಮಾತ್ರ ಜನರ ಬಾಯಲ್ಲಿ ಹಾಗೇ ಉಳಿಯಿತು. ನಮ್ಮ ಕುಂಡಗಳಲ್ಲಿರುವ ತಳಿಗಳ ಮೂಲ ದಕ್ಷಿಣ ಆಫ್ರಿಕಾ. ಬಿಸಿಲು ಬೇಕು, ಬುಡ ಒಣಗಿರಬೇಕು, ರಾತ್ರಿ ತಂಪಿರಬೇಕು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಲ್ಲಿ ಇದೆಲ್ಲ ಸಿಗುತ್ತದೆ. ಕರಾವಳಿಯಲ್ಲಿ ಬಿಸಿಲಿದ್ದಾಗ ವಿಪರೀತ ಸೆಕೆ, ಸೆಕೆ ಹೋಯಿತು ಅನ್ನುವಷ್ಟರಲ್ಲಿ ಮಳೆ.

ಸೇವಂತಿಗೆ ರಾತ್ರಿಯ ಉದ್ದ ನೋಡಿ ಹೂ ಬಿಡುತ್ತದೆ. ಸಾಮಾನ್ಯ ಜೆರೇನಿಯಂಗೆ ಆ ಹಂಗಿಲ್ಲ, ಅದಕ್ಕೆ ಮುಖ್ಯ ದಿನಕ್ಕೆ ಒಟ್ಟು ಎಷ್ಟು ಬೆಳಕು ಸಿಕ್ಕಿತು ಅನ್ನುವುದು. ಇದನ್ನು ಡೇಲಿ ಲೈಟ್ ಇಂಟೆಗ್ರಲ್ ಅನ್ನುತ್ತಾರೆ: ಒಂದು ಚದರ ಮೀಟರಿಗೆ ದಿನಕ್ಕೆ ಬಿದ್ದ ಫೋಟಾನ್‌ಗಳು, ಮೋಲ್ ಲೆಕ್ಕದಲ್ಲಿ. (ಎಂ-1ರಲ್ಲಿ ಕಲಿತ ಇಂಟಿಗ್ರೇಷನ್ನು ಕೊನೆಗೂ ಒಂದು ಕೆಲಸಕ್ಕೆ ಬಂತು.) ಚೆನ್ನಾಗಿ ಹೂ ಬಿಡಲು ಸುಮಾರು 10 ಮೋಲ್ ಬೇಕು.

ಅಳೆಯೋದು ಸುಲಭ. ಫೋನಿನಲ್ಲಿ ಲಕ್ಸ್ ಮೀಟರ್ ಆ್ಯಪ್ ಹಾಕಿ, ಎಲೆಯ ಮಟ್ಟದಲ್ಲಿ ಪರದೆ ಮೇಲೆ ಮಾಡಿ ಹಿಡಿಯಿರಿ. ತೀರಾ ನಿಖರವಲ್ಲ, ಆದರೆ ನಮ್ಮ ಕಣ್ಣಿಗಿಂತ ಎಷ್ಟೋ ವಾಸಿ. ಕಣ್ಣು ಹೆಚ್ಚುಕಡಿಮೆ ಲಾಗರಿದಮ್ ಪ್ರಕಾರ ನೋಡುತ್ತದೆ. ಬೆಳಕು ನೂರು ಪಟ್ಟು ಇಳಿದರೂ "ಇಲ್ಲಿ ಬೆಳಕಿದೆಯಲ್ಲ" ಅಂತಲೇ ಅನ್ನಿಸುತ್ತದೆ. ನಡು ಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್. ಮಳೆಗಾಲದ ಜಗುಲಿಯ ಒಳಗೋಡೆ ಬದಿಯಲ್ಲಿ 1,000 ಸಿಕ್ಕರೆ ಪುಣ್ಯ. ಹಗಲ ಬೆಳಕಿನ ಲಕ್ಸನ್ನು 54ರಿಂದ ಭಾಗಿಸಿದರೆ ಸೆಕೆಂಡಿಗೆ ಬೀಳುವ ಮೈಕ್ರೋಮೋಲ್ ಸಿಗುತ್ತದೆ. 1,000 ಲಕ್ಸ್ 11 ಗಂಟೆ ಇದ್ದರೂ ದಿನಕ್ಕೆ 0.7 ಮೋಲ್ ಅಷ್ಟೇ. ಬೇಕಾದ್ದರ ಹದಿನಾಲ್ಕನೇ ಒಂದು ಪಾಲು! ಕೋಲಾಗದೆ ಇನ್ನೇನಾಗುತ್ತದೆ? ಬೆಳಕು ಹುಡುಕುತ್ತ ಗೆಣ್ಣಿಂದ ಗೆಣ್ಣಿಗೆ ಅಂತರ ಉದ್ದವಾಗುತ್ತದೆ, ಎಲೆ ಸಣ್ಣದಾಗುತ್ತದೆ.

ಹಾಗಾದರೆ ಎಲ್ಲಿಡೋದು? ಗಾರ್ಡನಿಂಗ್ ಪುಸ್ತಕಗಳು ಕಣ್ಮುಚ್ಚಿ ಹೇಳುವ ಮಾತು "ದಕ್ಷಿಣದ ಕಿಟಕಿ". ಅದು ಯುರೋಪ್, ಅಮೆರಿಕಕ್ಕೆ ಸರಿ. ಸಿದ್ದಾಪುರ ಇರುವುದು ಸುಮಾರು 13.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋದರೆ ಮತ್ತೆ ದಕ್ಷಿಣಕ್ಕೆ ಬರುವುದು ಆಗಸ್ಟ್ ನಡುವಿಗೆ. ಆ ಮೂರೂವರೆ ತಿಂಗಳು ದಕ್ಷಿಣದ ಕಿಟಕಿಗೆ ಮಧ್ಯಾಹ್ನದ ನೇರ ಬಿಸಿಲೇ ಇಲ್ಲ. ಡಿಸೆಂಬರಿನಲ್ಲಿ ಮಾತ್ರ ಸೂರ್ಯ ದಕ್ಷಿಣಕ್ಕೆ ಬಾಗಿ ಮಧ್ಯಾಹ್ನ 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗಲೂ ಮಾಡು ಒಂದು ಮೀಟರ್ ಹೊರಚಾಚಿದ್ದರೆ ಗೋಡೆಯ ಮೇಲಿನ 1.3 ಮೀಟರ್ ನೆರಳೇ. ಹಾಗಾಗಿ ನಮ್ಮ ಕಡೆ ವರ್ಷವಿಡೀ ನಂಬಬಹುದಾದದ್ದು ಪೂರ್ವದ ಬದಿ. ಘಟ್ಟ, ಅಡಿಕೆ ತೋಟ ಎರಡೂ ದಾಟಿ ಬರಬೇಕಾದ್ದರಿಂದ ಬಿಸಿಲು ತಡ ಮಾಡುತ್ತದೆ ನಿಜ, ಆದರೆ ಬಂದಿದ್ದು ಹದವಾದ ಬಿಸಿಲು.

ನವೆಂಬರಿಂದ ಫೆಬ್ರವರಿ ತನಕ ಯೋಚನೆ ಬೇಡ, ಅಂಗಳದಲ್ಲಿ ದಿನಕ್ಕೆ ಆರು ಗಂಟೆ ಬಿಸಿಲು ಬೀಳಲಿ. ಮಾರ್ಚ್, ಏಪ್ರಿಲ್, ಮೇಯಲ್ಲಿ ಬೆಳಿಗ್ಗೆ ಹನ್ನೊಂದರವರೆಗೆ ಬಿಸಿಲು, ಆಮೇಲೆ ನೆರಳು. ಸೆಕೆ 30-32 ಡಿಗ್ರಿ ದಾಟಿ ನಿಂತರೆ ಬೆಳಕು ಎಷ್ಟಿದ್ದರೂ ಹೂ ಕಮ್ಮಿಯಾಗುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡವಂತೂ ಬೇರನ್ನೇ ಬೇಯಿಸಿಬಿಡುತ್ತದೆ, ಮಣ್ಣಿನದ್ದೇ ಆಗಬೇಕು.

ನಿಜವಾದ ತಲೆನೋವು ಮಳೆಗಾಲ. ಹೊರಗಿಟ್ಟರೆ ಕೊಳೆಯುತ್ತದೆ, ಒಳಗಿಟ್ಟರೆ ಹಸಿಯುತ್ತದೆ. ಮೊದಲು ನಾವು ಇಂಜಿನಿಯರಿಂಗ್ ತಲೆ ಓಡಿಸಿ 9 ವ್ಯಾಟ್ ಎಲ್‌ಇಡಿ ಬಲ್ಬನ್ನು ಗಿಡದಿಂದ ಒಂದಡಿ ಮೇಲೆ ನೇತುಹಾಕಿಸಿದೆವು. ದಿನಕ್ಕೆ 14 ಗಂಟೆ ಉರಿಸಿದರೂ ಅದರಿಂದ ಸಿಗುವುದು ಒಂದೆರಡು ಮೋಲ್. ಎರಡಡಿ ಮೇಲಕ್ಕೆ ಕಟ್ಟಿದರೆ ಅದರ ಕಾಲು ಭಾಗ. ಜೀವ ಹಿಡಿಯಲು ಸಾಕು, ಹೂವಿಗೆ ಸಾಲದು. ಮಳೆಗಾಲದಲ್ಲಿ ಕರೆಂಟ್ ಬೇರೆ ಇರಬೇಕಲ್ವಾ!

ದಾರಿ ತೋರಿಸಿದ್ದು ಅಮ್ಮ. ಅಡಿಕೆ ಒಣಗಿಸಲು ಮನೆ ಬದಿಯಲ್ಲಿ ಪಾರದರ್ಶಕ ಶೀಟಿನ ಮಾಡು ಇದೆ. ಮಳೆಗಾಲದಲ್ಲಿ ಅದರಡಿ ಖಾಲಿ. "ಅಲ್ಲಿಟ್ರೆ ಆತಿಲ್ಯಾ?" ಅಂದರು. ನಾವು ಯೋಚನೆ ಕೂಡ ಮಾಡಿರಲಿಲ್ಲ. ಲೆಕ್ಕ ಹಾಕಿದೆವು: ಮೋಡವಿದ್ದರೂ ಬಯಲಲ್ಲಿ 15,000 ಲಕ್ಸ್ ಇದ್ದರೆ ಹತ್ತು ಗಂಟೆಗೆ 10 ಮೋಲ್. ತೊಳೆದ ಶೀಟು ನೂರಕ್ಕೆ ಎಂಬತ್ತು ಒಳಬಿಟ್ಟರೂ 8 ಆಯಿತು. ಜಗುಲಿಗಿಂತ ಹನ್ನೊಂದು ಪಟ್ಟು. ಕಾರ್ಮೋಡ ಕವಿದ ದಿನ ಇಷ್ಟು ಬರುವುದಿಲ್ಲ, ಸರಿ. ಆದರೆ ನೀರು ಬೀಳುವುದಿಲ್ಲ, ಬದಿ ತೆರೆದಿರುವುದರಿಂದ ಗಾಳಿಯೂ ಆಡುತ್ತದೆ. ಶೀಟಿನ ಮೇಲಿನ ಪಾಚಿಯನ್ನು ಮಾತ್ರ ಆಗಾಗ ಉಜ್ಜಬೇಕು.

ಅಡಿಕೆ ಮಾಡಿಲ್ಲದ ಮನೆಯಲ್ಲಿ ಜಗುಲಿಯ ಪೂರ್ವದ ತುದಿ, ಎರಚಲು ತಾಗದಷ್ಟು ಒಳಗೆ. ಹಂಚಿನ ಮನೆಯಾದರೆ ಗಾಜಿನ ಹಂಚಿನ ಕೆಳಗೆ ಅಂತ ಆಸೆಯಾಗುತ್ತದೆ. ಬೆಳಕಿನ ಚೌಕ ಸ್ವಲ್ಪ ಹೊತ್ತಿಗೆ ಜರುಗಿಬಿಡುತ್ತದೆ, ಪ್ರಯೋಜನವಿಲ್ಲ.

ಜಾಗ ಬದಲಾಯಿಸುವಾಗ ಅವಸರ ಬೇಡ. ನೆರಳಲ್ಲಿ ಹುಟ್ಟಿದ ಎಲೆ ಒಮ್ಮೆಲೇ ಬಿಸಿಲಿಗೆ ಬಂದರೆ ಬಿಳಿ ಕಲೆ ಬಿದ್ದು ಸುಡುತ್ತದೆ. ಮೊದಲ ದಿನ ಒಂದು ಗಂಟೆ, ಹಾಗೇ ಹೆಚ್ಚಿಸುತ್ತ ಹತ್ತು ದಿನ. ಕೋಲಾದ ಭಾಗ ಮತ್ತೆ ಗಿಡ್ಡ ಆಗುವುದಿಲ್ಲ, ಕತ್ತರಿಸಲೇಬೇಕು. ಅಮ್ಮ ಆಗಸ್ಟ್ ಕೊನೆಗೆ ಕತ್ತರಿಸಿದರು, ಅಕ್ಟೋಬರಿನಲ್ಲಿ ಬುಡದ ಹತ್ತಿರದಿಂದ ಮೂರು ಚಿಗುರು ಬಂತು.

ಕತ್ತರಿಸಿದ ತುದಿಗಳಲ್ಲಿ ಎರಡು ಬೇರು ಬಿಟ್ಟು ಈಗ ನಮ್ಮ ಹಾಸ್ಟೆಲ್ ರೂಮಿನ ಪೂರ್ವದ ಕಿಟಕಿಯಲ್ಲಿವೆ. ದಯವಿಟ್ಟು ಯಾರೂ ಆ ಕಿಟಕಿಗೆ ಟವೆಲ್ ಒಣಗಿಸಬೇಡಿ.