ಊರಿಗೆ ಬಂದ ಕಣ್ಣಿನ ಡಾಕ್ಟರು

ಬಂಟ್ವಾಳದ ಬಿ.ಸಿ. ರೋಡಿನಲ್ಲಿ, ಬೆಳ್ತಂಗಡಿಯಲ್ಲಿ, ಮೂಡುಬಿದಿರೆಯ ಪೇಟೆಯಲ್ಲಿ ‘ಉಚಿತ ನೇತ್ರ ತಪಾಸಣಾ ಶಿಬಿರ’ದ ಬ್ಯಾನರ್ ನೋಡದವರು ಕಡಿಮೆ. ಯುವಕ ಮಂಡಲವಿರಲಿ, ಲಯನ್ಸ್ ಕ್ಲಬ್ಬಿರಲಿ, ದೇವಸ್ಥಾನ, ಚರ್ಚು, ಮಸೀದಿಯ ಸಮಿತಿ ಇರಲಿ, ಯಾರು ಏರ್ಪಡಿಸಿದರೂ ಕ್ರಮ ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಶಾಲೆಯಲ್ಲಿ ತಪಾಸಣೆ, ಪೊರೆ ಬೆಳೆದವರನ್ನು ಆಸ್ಪತ್ರೆಗೆ ಕರೆದೊಯ್ಯಲು ವಾಹನ, ಆಪರೇಷನ್ ಮುಗಿದ ಮೇಲೆ ಮರಳಿ ಊರಿಗೆ. ಇವತ್ತು ಸಹಜವೆನಿಸುವ ಈ ವ್ಯವಸ್ಥೆ ರೂಪುಗೊಳ್ಳಲು ಹಲವು ದಶಕಗಳೇ ಹಿಡಿದವು.

ಬೀಳಗಿಯ ವೈದ್ಯ

ಈ ಶಿಬಿರಗಳ ಕಥೆಯ ಮೊದಲ ಅಧ್ಯಾಯದಲ್ಲಿ ಎದ್ದು ಕಾಣುವ ಹೆಸರು ಕನ್ನಡಿಗರೊಬ್ಬರದ್ದು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ತಮ್ಮ ಮೊದಲ ಉಚಿತ ಶಿಬಿರ ನಡೆಸಿದ್ದು 1943ರಲ್ಲಿ, ಗುಜರಾತಿನ ಪಾಟಣದಲ್ಲಿ. ಆಮೇಲೆ ಅವರು ಶಸ್ತ್ರಚಿಕಿತ್ಸೆಯ ಸಲಕರಣೆಗಳನ್ನು ಹೊತ್ತು ಊರೂರು ತಿರುಗಿದರು. ಶಾಲೆ, ಛತ್ರಗಳೇ ಆಸ್ಪತ್ರೆಗಳಾದವು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಮಂದಿಗೆ ಪೊರೆಯ ಆಪರೇಷನ್ ಮಾಡಿದರು. 1993ರ ಹೊತ್ತಿಗೆ ಅವರು ಮಾಡಿದ ಶಸ್ತ್ರಚಿಕಿತ್ಸೆಗಳು ಆರು ಲಕ್ಷ ದಾಟಿದ್ದವು. ಗಿನ್ನೆಸ್ ದಾಖಲೆಯೂ ಆಯಿತು. ಕುರುಡುತನ ಹಣೆಬರಹ ಎಂದು ಮೂಲೆ ಸೇರಿದ್ದವರಿಗೆ ಅದು ವಾಸಿಯಾಗುವ ಕಾಯಿಲೆ ಎಂದು ತೋರಿಸಿಕೊಟ್ಟದ್ದು ಆ ಎಲ್ಲ ಸಂಖ್ಯೆಗಳಿಗಿಂತ ದೊಡ್ಡ ಸಾಧನೆ.

ಸೇವಾಸಂಸ್ಥೆಗಳೂ ಕೈಜೋಡಿಸಿದವು. 1925ರಲ್ಲಿ ಹೆಲೆನ್ ಕೆಲರ್ ಅಮೆರಿಕದ ಲಯನ್ಸ್ ಸಮಾವೇಶದಲ್ಲಿ ಅಂಧರ ಪರವಾಗಿ ನಿಲ್ಲುವಂತೆ ಮನವಿ ಮಾಡಿದ್ದರು. ನಮ್ಮ ಹಳ್ಳಿಗಳ ಕಣ್ಣಿನ ಶಿಬಿರದಲ್ಲಿ ಲಯನ್ಸ್ ಹೆಸರು ಇಂದಿಗೂ ಕಾಣುವುದಕ್ಕೆ ಆ ಕರೆಯೇ ಮೂಲ. 1976ರಲ್ಲಿ ಕೇಂದ್ರ ಸರ್ಕಾರ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಅದೇ ವರ್ಷ ಮದುರೆಯಲ್ಲಿ ಡಾ. ಜಿ. ವೆಂಕಟಸ್ವಾಮಿ 11 ಹಾಸಿಗೆಗಳ ಅರವಿಂದ ಕಣ್ಣಿನ ಆಸ್ಪತ್ರೆ ತೆರೆದರು.

ಸೋಡಾಬುಡ್ಡಿಯಿಂದ ಲೆನ್ಸಿನವರೆಗೆ

ಆ ಕಾಲದ ಆಪರೇಷನ್ನಿಗೊಂದು ಮಿತಿಯಿತ್ತು. ಮಬ್ಬಾದ ಮಸೂರವನ್ನು ತೆಗೆಯುತ್ತಿದ್ದರೇ ವಿನಾ ಆ ಜಾಗಕ್ಕೆ ಬೇರೆಯದನ್ನು ಇಡುತ್ತಿರಲಿಲ್ಲ. ಹಾಗಾಗಿ ಜೀವನಪೂರ್ತಿ ಸೋಡಾಬುಡ್ಡಿ ಕನ್ನಡಕವೇ ಗತಿ. ಅದು ಒಡೆದರೆ ಅಜ್ಜಿಗೆ ಮತ್ತೆ ಲೋಕ ಮಸುಕು. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲೇ ಕಣ್ಣೊಳಗೆ ಕೃತಕ ಲೆನ್ಸ್ ಇಟ್ಟಿದ್ದರು. ಆದರೆ ಬೆಲೆಯ ಕಾರಣಕ್ಕೆ ಅದು ಬಡವರ ಕೈಗೆ ಎಟಕುವಂತಿರಲಿಲ್ಲ. ಅರವಿಂದ ಸಂಸ್ಥೆ 1992ರಲ್ಲಿ ಆರೋಲ್ಯಾಬ್ ಸ್ಥಾಪಿಸಿ ನಮ್ಮಲ್ಲೇ ಲೆನ್ಸ್ ತಯಾರಿಸಿತು. ನೂರು ಡಾಲರ್ ಆಸುಪಾಸಿನ ಬೆಲೆ ಹತ್ತು ಡಾಲರಿಗೆ ಇಳಿಯಿತು. ಹೊಲಿಗೆ ಬೇಡದ ಸಣ್ಣ ಗಾಯದ ಶಸ್ತ್ರಚಿಕಿತ್ಸೆಯೂ ಅಗ್ಗವಾಗಿ ಹರಡಿತು. ಶಾಲೆ, ಛತ್ರಗಳಲ್ಲಿ ಮಾಡಿದ ಆಪರೇಷನ್ನುಗಳಿಗೆ ಸೋಂಕಿನ ಭಯವಿದ್ದುದರಿಂದ ಹಳ್ಳಿಯಲ್ಲಿ ತಪಾಸಣೆ, ಆಸ್ಪತ್ರೆಯಲ್ಲಿ ಆಪರೇಷನ್ ಎಂಬ ಈಗಿನ ಪದ್ಧತಿ ನೆಲೆಯೂರಿತು. ವೆನ್ಲಾಕ್ ಜಿಲ್ಲಾಸ್ಪತ್ರೆಯ ಜೊತೆಗೆ ಹಲವು ವೈದ್ಯಕೀಯ ಕಾಲೇಜುಗಳಿರುವ ಮಂಗಳೂರು ಹತ್ತಿರವಿರುವುದು ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳ ಭಾಗ್ಯ.

ಆದರೂ 2015–19ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 50 ವರ್ಷ ದಾಟಿದವರ ಅಂಧತ್ವದಲ್ಲಿ ಶೇ 66ರಷ್ಟಕ್ಕೆ ಪೊರೆಯೇ ಕಾರಣ. ಚಿಕಿತ್ಸೆ ಉಚಿತವಾದರೂ ದಾರಿ ಉಚಿತವಲ್ಲ. ಕುದುರೆಮುಖದ ಸೆರಗಿನ ಕುತ್ಲೂರಿನಿಂದಲೋ ಚಾರ್ಮಾಡಿಯ ತಪ್ಪಲಿನ ನೆರಿಯದಿಂದಲೋ ಹೊರಟವರು ಮೊದಲು ಬಸ್ಸಿನ ರಸ್ತೆ ಮುಟ್ಟಬೇಕು. ಜಿಲ್ಲೆಯ ಒಳದಾರಿಗಳಲ್ಲಿ ಹಲವೆಡೆ ಓಡುವುದು ಖಾಸಗಿ ಬಸ್ಸು. ಸರ್ಕಾರಿ ಬಸ್ಸಿನಂತಲ್ಲದೆ ಅಲ್ಲಿ ಹೆಂಗಸರಿಗೂ ಟಿಕೆಟ್ ಇದೆ. ಜೊತೆಗೆ ಬರುವ ಮಗನದ್ದೂ ಒಂದು ದಿನದ ಕೂಲಿ ಹೋಗುತ್ತದೆ. ಪೊರೆಯಾದರೆ ಜೀವನಕ್ಕೊಮ್ಮೆ ಇಷ್ಟು ಕಷ್ಟಪಟ್ಟಾರು. ಬರೀ ಕನ್ನಡಕಕ್ಕಾಗಿ ಯಾರು ಹೊರಡುತ್ತಾರೆ?

ಬೀಡಿ ಕಟ್ಟುವ ಕಣ್ಣುಗಳು

ನಮ್ಮ ಶಿಬಿರಗಳು ಇನ್ನೂ ಸರಿಯಾಗಿ ಗಮನಿಸದ ಸಂಗತಿ ಹತ್ತಿರದ ನೋಟದ ಈ ಕನ್ನಡಕವೇ. ಈ ಮೂರು ತಾಲ್ಲೂಕುಗಳಲ್ಲಿ ತಲೆಮಾರುಗಳಿಂದ ಮನೆ ನಡೆಸಿದ್ದು, ಮಕ್ಕಳನ್ನು ಓದಿಸಿದ್ದು ಹೆಂಗಸರ ಬೀಡಿ. ತಡ್ಪೆಯನ್ನು (ಗೆರಸೆ) ತೊಡೆಯ ಮೇಲಿಟ್ಟು ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ ನೂಲು ಕಟ್ಟುವುದು ಪೂರ್ತಿ ಹತ್ತಿರದ ನೋಟದ ಕೆಲಸ. ನಲ್ವತ್ತು ದಾಟಿ ಚಾಳೀಸು ಬಂದಾಗ ಕೈ ನಿಧಾನವಾಗುತ್ತದೆ. ಮಜೂರಿ ಸಾವಿರ ಬೀಡಿಯ ಲೆಕ್ಕದಲ್ಲಿ ಸಿಗುವುದರಿಂದ ಕಣ್ಣು ಮಂಜಾದಷ್ಟೂ ಸಂಪಾದನೆ ಇಳಿಯುತ್ತದೆ. ಕಟ್ಟಿದ್ದು ಸರಿಯಿಲ್ಲದಿದ್ದರೆ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ತಿರಸ್ಕಾರ ಬೇರೆ. ಇದನ್ನು ಅವರು ಕಾಯಿಲೆ ಎನ್ನುವುದಿಲ್ಲ, ವಯಸ್ಸಾಯಿತು ಎನ್ನುತ್ತಾರೆ.

ಹತ್ತಿರದ ಕನ್ನಡಕದಿಂದ ಏನಾಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿದೆ. ಅಸ್ಸಾಮಿನ ಟೀ ತೋಟದ ಕಾರ್ಮಿಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕನ್ನಡಕ ಸಿಕ್ಕವರ ಎಲೆ ಕೀಳುವ ಸಾಮರ್ಥ್ಯ ಸಿಗದವರಿಗೆ ಹೋಲಿಸಿದರೆ ಶೇ 21ಕ್ಕೂ ಮಿಕ್ಕಿ ಹೆಚ್ಚಿತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆದು 2024ರಲ್ಲಿ ಹೊರಬಂದ ಅಧ್ಯಯನದಲ್ಲಿ ಆದಾಯವೇ ಶೇ 33ರಷ್ಟು ಏರಿತ್ತು. ಬೀಡಿ ಕಟ್ಟುವವರ ವಿಷಯದಲ್ಲಿ ಬೇರೆಯಾಗಲು ಕಾರಣ ಕಾಣುವುದಿಲ್ಲ.

ದಾರಿಯೂ ನಮ್ಮ ಕಣ್ಣೆದುರೇ ಇದೆ. 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘಗಳು ಹಳ್ಳಿ ಹಳ್ಳಿಯಲ್ಲಿವೆ. ರಾಜ್ಯ ಸರ್ಕಾರ 2023ರಲ್ಲಿ ಕೆಲವು ಜಿಲ್ಲೆಗಳಲ್ಲಿ ಆರಂಭಿಸಿದ ‘ಆಶಾಕಿರಣ’ ಯೋಜನೆ ಮನೆಬಾಗಿಲಲ್ಲೇ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ಹಾದಿ ತೋರಿಸಿದೆ. ಸಂಘದ ಸಭೆಯಲ್ಲಿ, ಬೀಡಿ ಬ್ರಾಂಚಿನ ಜಗಲಿಯಲ್ಲಿ ವರ್ಷಕ್ಕೊಮ್ಮೆ ಹತ್ತಿರದ ನೋಟ ಪರೀಕ್ಷಿಸಿ ಅಲ್ಲೇ ಕನ್ನಡಕ ಕೊಡಲು ದೊಡ್ಡ ಆಸ್ಪತ್ರೆ ಬೇಕಿಲ್ಲ, ತರಬೇತಾದ ಒಬ್ಬರು ಸಾಕು. ಪೊರೆಯೋ ಗ್ಲಾಕೋಮಾವೋ ಇರಬಹುದೆಂಬ ಅನುಮಾನ ಬಂದರೆ ಅವರೇ ಮಂಗಳೂರಿಗೆ ಕಳುಹಿಸಬಹುದು. ಡಾ. ಮೋದಿ ಆಸ್ಪತ್ರೆಯನ್ನು ಹಳ್ಳಿಗೆ ತಂದರು. ದುಡಿಯುವ ಹೆಂಗಸು ಅರ್ಧ ದಿನದ ಕೆಲಸವನ್ನೂ ಬಿಡದೆ ಕನ್ನಡಕ ಪಡೆಯುವಂತಾದಾಗ ಮಾತ್ರ ಅವರು ಆರಂಭಿಸಿದ ಕೆಲಸ ಇಲ್ಲಿ ಪೂರ್ಣವಾದೀತು.